ಪುಟಕ್ಕೆ ತೆರೆದುಕೊಂಡ ವಿಡಿಯೊ

ಬ್ರೌಸರಿನಲ್ಲಿ ವಿಡಿಯೊ ನೋಡುವುದು ಈಗ ಯಾರಿಗೂ ವಿಶೇಷವೆನಿಸುವುದಿಲ್ಲ. ಪುಟ ತೆರೆಯುತ್ತೇವೆ, ತ್ರಿಕೋನದ ಗುರುತನ್ನು ಒತ್ತುತ್ತೇವೆ, ಚಿತ್ರ ಓಡತೊಡಗುತ್ತದೆ. ಟಿ.ವಿ.ಯಲ್ಲಿ ಕಾಣುತ್ತಿದ್ದುದೇ ಇಲ್ಲಿಗೂ ಬಂದಿದೆ ಎಂದು ಅನ್ನಿಸುವುದು ಸಹಜ. ಆದರೆ ಹಳೆಯ ಟಿ.ವಿ. ಪರದೆಯ ಚಿತ್ರಕ್ಕೂ ಇಂದಿನ ಜಾಲಪುಟದ ಚಿತ್ರಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಬಂದ ಸಂಕೇತವನ್ನು ಬೆಳಕಾಗಿಸುವುದಷ್ಟೇ ಟಿ.ವಿ.ಯ ಕೆಲಸವಾಗಿತ್ತು, ತಾನು ಏನು ತೋರಿಸುತ್ತಿದ್ದೇನೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಜಾಲಪುಟವಾದರೋ ತನ್ನೊಳಗಿನ ವಿಡಿಯೊ ಈಗ ಎಷ್ಟನೆಯ ಸೆಕೆಂಡಿನಲ್ಲಿದೆ, ಆ ಕ್ಷಣದ ಫ್ರೇಮಿನ ಯಾವ ಮೂಲೆಯಲ್ಲಿ ಯಾವ ಬಣ್ಣವಿದೆ, ಮುಂದಿನ ತುಣುಕನ್ನು ಎಲ್ಲಿಂದ ತರಬೇಕು ಎಂಬುದನ್ನೆಲ್ಲ ಕೇಳಿ ತಿಳಿಯಬಲ್ಲದು, ತಿಳಿದುದರ ಮೇಲೆ ಲೆಕ್ಕ ಹಾಕಬಲ್ಲದು. ವೆಬ್ ವಿಡಿಯೊದ ಕಲಾತ್ಮಕ ಪ್ರಯೋಗಗಳೂ ದಿನಬಳಕೆಯ ಉಪಯೋಗಗಳೂ ಈ ಒಂದೇ ಗುಣದಿಂದ ಹುಟ್ಟಿವೆ ಎಂಬುದು ಈ ಅಧ್ಯಾಯದ ವಾದ. ಚಿತ್ರ ಎಷ್ಟು ಸ್ಪಷ್ಟ, ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಪುಟಕ್ಕೆ ಎಷ್ಟರಮಟ್ಟಿಗೆ ತೆರೆದುಕೊಂಡಿದೆ ಎಂಬುದು ಮುಖ್ಯ. ಆ ಬಾಗಿಲು ಮುಚ್ಚಿದ ಕಡೆಯೆಲ್ಲ ಉಪಯೋಗಗಳೂ ನಿಂತುಹೋಗುತ್ತವೆ.

ವೆಬ್ಬಿನ ಮೊದಲ ಹದಿನೈದು ವರ್ಷಗಳಲ್ಲಿ ಬ್ರೌಸರಿಗೆ ವಿಡಿಯೊ ಎಂದರೇನೆಂದೇ ಗೊತ್ತಿರಲಿಲ್ಲ. ಅಕ್ಷರವನ್ನೂ ಸ್ಥಿರಚಿತ್ರವನ್ನೂ ಅದು ತಾನೇ ತೋರಿಸುತ್ತಿತ್ತು. ಚಲಿಸುವ ಚಿತ್ರ ಬಂದರೆ ಪ್ಲಗಿನ್ ಎಂಬ ಹೊರಗಿನ ತಂತ್ರಾಂಶವನ್ನು ಕರೆದು ಪುಟದಲ್ಲೊಂದು ಚೌಕವನ್ನು ಅದಕ್ಕೆ ಬಿಟ್ಟುಕೊಡುತ್ತಿತ್ತು. ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ವಿಂಡೋಸ್ ಮೀಡಿಯಾ ಪ್ಲೇಯರ್‌ಗಳ ಪೈಪೋಟಿಯಲ್ಲಿ ಕೊನೆಗೆ ಮೇಲುಗೈ ಪಡೆದದ್ದು ಫ್ಲ್ಯಾಶ್. 2005ರಲ್ಲಿ ಶುರುವಾದ ಯೂಟ್ಯೂಬ್ ಬೆಳೆದದ್ದೂ ಅದನ್ನೇ ನೆಚ್ಚಿಕೊಂಡು. ಪುಟದ ಬರಹದಲ್ಲಿ ಚಿತ್ರವನ್ನು ಸೇರಿಸಲು ಟ್ಯಾಗ್ ಎಂಬ ಗುರುತುಪದ ಇರುವಂತೆ ವಿಡಿಯೊಗೂ ಒಂದು ಟ್ಯಾಗ್ ಇರಲಿ ಎಂಬ ಪ್ರಸ್ತಾವವನ್ನು 2007ರಲ್ಲಿ ಒಪೆರಾ ಬ್ರೌಸರಿನ ತಂಡ ಮುಂದಿಟ್ಟಿತು. 2009ರ ಫೈರ್‌ಫಾಕ್ಸ್ 3.5 ಆವೃತ್ತಿ ಪ್ಲಗಿನ್ನಿನ ಹಂಗಿಲ್ಲದೆ ವಿಡಿಯೊ ಓಡಿಸಿತು. 2010ರ ಏಪ್ರಿಲ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಐಫೋನ್, ಐಪ್ಯಾಡ್‌ಗಳಲ್ಲಿ ಫ್ಲ್ಯಾಶ್‌ಗೆ ಏಕೆ ಜಾಗವಿಲ್ಲ ಎಂದು ಬಹಿರಂಗ ಪತ್ರ ಬರೆದ ಮೇಲೆ ಬದಲಾವಣೆಗೆ ವೇಗ ಬಂತು. ಪುಟ ಬರೆಯುವ ಭಾಷೆಯ, ವಿಡಿಯೊ ಟ್ಯಾಗನ್ನು ಒಳಗೊಂಡ ಆವೃತ್ತಿಯಾದ ಎಚ್‌ಟಿಎಂಎಲ್5, 2014ರ ಅಕ್ಟೋಬರ್‌ನಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಒಕ್ಕೂಟವಾದ ಡಬ್ಲ್ಯು3ಸಿಯ ಅಧಿಕೃತ ಮಾನಕವಾಯಿತು. 2015ರ ಜನವರಿಯಲ್ಲಿ ಯೂಟ್ಯೂಬ್ ಅದನ್ನೇ ತನ್ನ ಸಹಜ ವಿಧಾನವಾಗಿ ಮಾಡಿಕೊಂಡಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಒಡೆತನ ಹೊಂದಿದ್ದ ಅಡೋಬಿ ಕಂಪನಿ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಫ್ರೇಮಿನ ಪಿಕ್ಸೆಲ್‌ಗಳನ್ನು ಓದಿ ಬದಲಾಯಿಸುವ ಶಕ್ತಿ ಫ್ಲ್ಯಾಶ್‌ಗೂ ಇತ್ತು. 2005ರ ಎಂಟನೆಯ ಆವೃತ್ತಿಯಲ್ಲೇ ಅದು ಬಂದಿತ್ತು. ಹಾಗಾದರೆ ಹೊಸತೇನು ಬಂತು? ಫ್ಲ್ಯಾಶ್ ಮಾಡುತ್ತಿದ್ದುದೆಲ್ಲ ಅದರ ಚೌಕದ ಒಳಗೇ ನಡೆಯುತ್ತಿತ್ತು. ಅಲ್ಲಿದ್ದ ಅಕ್ಷರಗಳು ಪುಟದ ಅಕ್ಷರಗಳೊಂದಿಗೆ ಸೇರುತ್ತಿರಲಿಲ್ಲ, ಸರ್ಚ್ ಎಂಜಿನ್ನಿಗೂ ಅಂಧರು ಬಳಸುವ ಸ್ಕ್ರೀನ್ ರೀಡರಿಗೂ ಸರಿಯಾಗಿ ಸಿಗುತ್ತಿರಲಿಲ್ಲ. ಅದರ ಒಳಗನ್ನು ತಿದ್ದುವ ಅಧಿಕಾರ ಒಂದೇ ಕಂಪನಿಯ ಕೈಯಲ್ಲಿತ್ತು. ವಿಡಿಯೊ ಟ್ಯಾಗ್ ಬಂದಾಗ ಚಲಿಸುವ ಚಿತ್ರವೂ ಪ್ಯಾರಾ, ಕೊಂಡಿ, ಕೋಷ್ಟಕಗಳಂತೆ ಪುಟದ ಒಂದು ಅಂಗವಾಯಿತು. ಅದನ್ನು ತಿರುಗಿಸಬಹುದು, ಕತ್ತರಿಸಬಹುದು, ಅದರ ಮೇಲೆ ಅಕ್ಷರ ಹರಿಸಬಹುದು. ಅದು ಓಡುತ್ತಿರುವಾಗ ಪಕ್ಕದ ಪಠ್ಯವನ್ನು ಬದಲಿಸಬಹುದು. ಶಕ್ತಿ ಹಳೆಯದೇ ಇದ್ದರೂ ಅದು ಎಲ್ಲರ ಕೈಗೆ ಸಿಗುವ ಮಾನಕವಾದದ್ದು ದೊಡ್ಡ ಸಂಗತಿ.

ಈ ತೆರವಿನ ಬೆಲೆ ಅರಿಯಲು ವಿಡಿಯೊ ಫೈಲಿನ ಒಳಗೆ ಏನಿರುತ್ತದೆ ಎಂದು ನೋಡಬೇಕು. ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳಿರುವ ಒಂದು ಫ್ರೇಮಿನಲ್ಲಿ 20,73,600 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಕೊಟ್ಟರೆ ಒಂದು ಫ್ರೇಮಿಗೆ ಸುಮಾರು 62 ಲಕ್ಷ ಬೈಟ್. ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 18.7 ಕೋಟಿ ಬೈಟ್. ಇದೇ ವಿಡಿಯೊ ಸೆಕೆಂಡಿಗೆ 50 ಲಕ್ಷ ಬಿಟ್‌ಗಳ, ಅಂದರೆ ಸುಮಾರು 6 ಲಕ್ಷದ 25 ಸಾವಿರ ಬೈಟ್‌ಗಳ ಹರಿವಿನಲ್ಲಿ ನಮ್ಮನ್ನು ತಲುಪಿದರೆ ಅದು ಮುನ್ನೂರು ಪಟ್ಟು ಕುಗ್ಗಿದೆ ಎಂದರ್ಥ. ಕುಗ್ಗಿಸುವುದಕ್ಕೆ ಎರಡು ಉಪಾಯಗಳಿವೆ. ದಿನಸಿ ಅಂಗಡಿಯವರು ದಿನವೂ ಇಡೀ ದಾಸ್ತಾನನ್ನು ಎಣಿಸಿ ಬರೆಯದೆ ಬಂದದ್ದು, ಹೋದದ್ದನ್ನಷ್ಟೇ ಖಾತೆ ಪುಸ್ತಕಕ್ಕೆ ಏರಿಸುವಂತೆ, ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮನ್ನು ಬರೆದಿಟ್ಟು ಮಿಕ್ಕವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ದಾಖಲಿಸುವುದು ಒಂದು. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುವುದು ಇನ್ನೊಂದು. ಎರಡನೆಯದರ ಬುನಾದಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ. ಅದನ್ನು ರೂಪಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಇಲ್ಲಿನ ವಿಶ್ವೇಶ್ವರಯ್ಯ ಕಾಲೇಜಿನಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಸೇರಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜೆಪೆಗ್ ಚಿತ್ರಗಳಿಂದ ಹಿಡಿದು ವಿಡಿಯೊವನ್ನು ಕುಗ್ಗಿಸಿ ಬಿಡಿಸುವ ಇಂದಿನ ವಿಧಾನಗಳಾದ ಕೋಡೆಕ್‌ಗಳವರೆಗೆ ಆ ಗಣಿತದ ವಂಶ ಮುಂದುವರಿದಿದೆ.

ಕುಗ್ಗಿಸಿದ ಕಡತವನ್ನು ಬ್ರೌಸರ್ ಬಿಡಿಸಿದಾಗ ಆ 20 ಲಕ್ಷ ಚುಕ್ಕೆಗಳು ಮತ್ತೆ ಮೈದಳೆಯುತ್ತವೆ. ಪುಟದ ಕೈಗೆ ಸಿಗುವುದು ಇವೇ. ಕ್ಯಾನ್ವಾಸ್ ಎಂಬ ಟ್ಯಾಗಿನ ಮೇಲೆ ಓಡುತ್ತಿರುವ ಫ್ರೇಮನ್ನು ಇಳಿಸಿಕೊಂಡರೆ ಪ್ರತಿ ಚುಕ್ಕೆಯೂ ಸಂಖ್ಯೆಗಳಾಗಿ ಓದಲು ಸಿಗುತ್ತದೆ. ಹವಾಮಾನ ವರದಿ ಓದುವವರ ಹಿಂದಿನ ಹಸಿರು ಪರದೆಯನ್ನು ನಕಾಶೆಯಾಗಿಸಲು ಹಿಂದೆ ದುಬಾರಿ ಸ್ಟುಡಿಯೊ ಉಪಕರಣ ಬೇಕಿತ್ತು. ಈಗ ಹಸಿರಿನ ಪ್ರಮಾಣ ಕೆಂಪು, ನೀಲಿಗಳಿಗಿಂತ ಬಹಳ ಹೆಚ್ಚಿರುವ ಚುಕ್ಕೆಗಳನ್ನೆಲ್ಲ ಪಾರದರ್ಶಕ ಮಾಡು ಎಂಬ, ಪುಟಗಳ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಕೆಲವು ಸಾಲು ಸಾಕು. ಅದೇ ಫ್ರೇಮನ್ನು ವೆಬ್‌ಜಿಎಲ್ ಮೂಲಕ ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿದರೆ ಲಕ್ಷಗಟ್ಟಲೆ ಚುಕ್ಕೆಗಳ ಲೆಕ್ಕ ಏಕಕಾಲಕ್ಕೆ ನಡೆಯುತ್ತದೆ. 360 ಡಿಗ್ರಿ ವಿಡಿಯೊ ಸಾಧ್ಯವಾದದ್ದು ಹೀಗೆಯೇ: ಭೂಪಟದಂತೆ ಆಯತಾಕಾರದಲ್ಲಿ ಹರಡಿದ ಫ್ರೇಮನ್ನು ಒಂದು ಗೋಲದ ಒಳಮೈಗೆ ಅಂಟಿಸಿ, ನೋಡುಗರನ್ನು ಆ ಗೋಲದ ನಡುವೆ ನಿಲ್ಲಿಸಲಾಗುತ್ತದೆ. ಇನ್ನೊಂದು ಪ್ರಯೋಗ ಇದಕ್ಕಿಂತ ಸರಳ, ಫಲಿತಾಂಶ ಮಾತ್ರ ಬೆರಗಿನದು. ಪ್ರತಿ ಫ್ರೇಮಿನ ನಡುವಿನ ಒಂದೇ ಒಂದು ಕಂಬಸಾಲನ್ನು ತೆಗೆದು ಪಕ್ಕಪಕ್ಕದಲ್ಲಿ ಜೋಡಿಸುತ್ತ ಹೋದರೆ ಚಿತ್ರದ ಅಡ್ಡ ಅಳತೆ ಕಾಲದ ಅಳತೆಯಾಗುತ್ತದೆ. ಓಟದ ಸ್ಪರ್ಧೆಯಲ್ಲಿ ಗೆದ್ದವರನ್ನು ತೀರ್ಮಾನಿಸುವ ಫೋಟೊ ಫಿನಿಶ್ ಕ್ಯಾಮೆರಾದ ತತ್ತ್ವ ಇದೇ. ಅದನ್ನು ಇಂದು ಶಾಲೆಯ ಹುಡುಗಿಯೊಬ್ಬಳು ಬ್ರೌಸರಿನಲ್ಲೇ ಕಟ್ಟಬಹುದು.

ಕಲಾವಿದರು ಈ ಸಾಧ್ಯತೆಯನ್ನು ಬೇಗನೆ ಗುರುತಿಸಿದರು. 2010ರಲ್ಲಿ ನಿರ್ದೇಶಕ ಕ್ರಿಸ್ ಮಿಲ್ಕ್, ಗೂಗಲ್‌ನ ಏರನ್ ಕೋಬ್ಲಿನ್ ಅವರೊಡಗೂಡಿ ಆರ್ಕೇಡ್ ಫೈರ್ ತಂಡದ ಹಾಡೊಂದಕ್ಕೆ ರೂಪಿಸಿದ ‘ದ ವೈಲ್ಡರ್‌ನೆಸ್ ಡೌನ್‌ಟೌನ್’, ನೋಡುಗರು ಬೆಳೆದ ಮನೆಯ ವಿಳಾಸವನ್ನು ಮೊದಲೇ ಕೇಳುತ್ತಿತ್ತು. ಹಾಡು ಸಾಗಿದಂತೆ ಆ ಬೀದಿಯ ನಕಾಶೆಯೂ ಚಿತ್ರಗಳೂ ಬೇರೆ ಬೇರೆ ಕಿಟಕಿಗಳಲ್ಲಿ ತೆರೆದು, ಚಿತ್ರೀಕರಿಸಿದ ದೃಶ್ಯಗಳ ಜೊತೆ ತಾಳಕ್ಕೆ ಸರಿಯಾಗಿ ಬೆರೆಯುತ್ತಿದ್ದವು. ಮರುವರ್ಷ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ ಕ್ಯಾಟರೀನಾ ಸಿಜೆಕ್ ಮಾಡಿದ ‘ಒನ್ ಮಿಲಿಯನ್ತ್ ಟವರ್’ ಎಂಬ ಸಾಕ್ಷ್ಯಚಿತ್ರ, ಟೊರಾಂಟೊದ ಹಳೆಯ ಬಹುಮಹಡಿ ವಸತಿಯೊಂದರ ನಿವಾಸಿಗಳ ಕನಸನ್ನು ನೋಡುಗರೇ ಸುತ್ತಾಡಬಹುದಾದ ಮೂರು ಆಯಾಮದ ಜಾಗವಾಗಿ ಬ್ರೌಸರಿನಲ್ಲಿ ಕಟ್ಟಿತು. ಇವು ಹೊಸ ತಂತ್ರದ ಪ್ರದರ್ಶನಗಳಷ್ಟೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಸಿನಿಮಾದ ವ್ಯಾಕರಣಕ್ಕೆ ಇವು ಸೇರಿಸಿದ್ದು ಸಣ್ಣದಲ್ಲ. ಎಲ್ಲರಿಗೂ ಒಂದೇ ಆಗಿರಬೇಕಿದ್ದ ಚಿತ್ರ, ನೋಡುವವರಿಗೂ ನೋಡುವ ಹೊತ್ತಿಗೂ ತಕ್ಕಂತೆ ಅಲ್ಲೇ ರೂಪುಗೊಳ್ಳಬಹುದು ಎಂದು ಇವು ತೋರಿಸಿದವು.

ಈ ತೆರವು ಫೈಲಿನಲ್ಲಿರುವ ವಿಡಿಯೊಗಷ್ಟೇ ಸೀಮಿತವಲ್ಲ. ಕ್ಯಾಮೆರಾದ ನೇರ ಚಿತ್ರ, ದೂರದಲ್ಲಿರುವ ಇನ್ನೊಬ್ಬರ ಮುಖ, ಕ್ಯಾನ್ವಾಸಿನ ಮೇಲೆ ಬರೆದ ಚಿತ್ರ, ಎಲ್ಲವೂ ಅದೇ ವಿಡಿಯೊ ಟ್ಯಾಗಿನೊಳಕ್ಕೆ ಹರಿಯಬಲ್ಲವು. ಇಬ್ಬರ ಬ್ರೌಸರ್‌ಗಳನ್ನು ನೇರವಾಗಿ ಜೋಡಿಸುವ ವೆಬ್‌ಆರ್‌ಟಿಸಿಯನ್ನು ಗೂಗಲ್ 2011ರಲ್ಲಿ ಮುಕ್ತಗೊಳಿಸಿತು. 2021ರ ಜನವರಿಯಲ್ಲಿ ಅದು ಡಬ್ಲ್ಯು3ಸಿಯ ಮಾನಕವಾಯಿತು. ಕೋವಿಡ್ ಸಾಂಕ್ರಾಮಿಕದ ದಿನಗಳಲ್ಲಿ ಮನೆಯ ಗೋಡೆ, ಬಟ್ಟೆ ಒಣಗಿಸಿದ ಹಗ್ಗ ಕಾಣದಂತೆ ಹಿನ್ನೆಲೆಯನ್ನು ಮಸುಕಾಗಿಸುವ ಸೌಲಭ್ಯ ಬಂದದ್ದು ಈ ಮೊದಲು ಹೇಳಿದ ತೆರವಿನಿಂದಲೇ. ಪ್ರತಿ ಫ್ರೇಮಿನಲ್ಲಿ ಯಾವ ಚುಕ್ಕೆ ಮನುಷ್ಯನದು, ಯಾವುದು ಹಿನ್ನೆಲೆಯದು ಎಂದು ಒಂದು ಪುಟ್ಟ ನ್ಯೂರಲ್ ಜಾಲ ವಿಂಗಡಿಸುತ್ತದೆ. ಹಿನ್ನೆಲೆಯ ಚುಕ್ಕೆಗಳನ್ನು ಮಸುಕು ಮಾಡಿದ ಬಳಿಕವೇ ಚಿತ್ರ ಹೊರಗೆ ಹೋಗುತ್ತದೆ. ಯಾವ ತಂತ್ರಾಂಶವನ್ನೂ ಪ್ರತ್ಯೇಕವಾಗಿ ಹಾಕಿಕೊಳ್ಳದೆ ಈ ಕೆಲಸ ಬ್ರೌಸರಿನೊಳಗೆ, ನಮ್ಮದೇ ಯಂತ್ರದಲ್ಲಿ ನಡೆಯುತ್ತದೆ. ಮರೆಮಾಡಿದ ಕೋಣೆಯ ಚಿತ್ರ ಯಾವ ಸರ್ವರನ್ನೂ ತಲುಪಬೇಕಿಲ್ಲ.

ಲೆಕ್ಕವನ್ನು ಪುಟದಲ್ಲೇ ಮಾಡುವುದರ ಮಹತ್ವವನ್ನು ನಾಡಿಮಿಡಿತದ ಉದಾಹರಣೆ ಇನ್ನೂ ಚೆನ್ನಾಗಿ ತೋರಿಸುತ್ತದೆ. ಹೃದಯ ಬಡಿದಾಗಲೆಲ್ಲ ಮುಖದ ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಚರ್ಮದಿಂದ ಮರಳುವ ಹಸಿರು ಅಷ್ಟೇ ತುಸು ಕಡಿಮೆಯಾಗುತ್ತದೆ. ಕಣ್ಣಿಗೆ ಇದು ಕಾಣದು. ಒಂದೇ ಪಿಕ್ಸೆಲ್ಲಿನಲ್ಲಿ ನೋಡಿದರೆ ಕ್ಯಾಮೆರಾದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹಣೆಯ ಸಾವಿರಾರು ಪಿಕ್ಸೆಲ್‌ಗಳ ಸರಾಸರಿ ತೆಗೆದು, ಫ್ರೇಮಿನಿಂದ ಫ್ರೇಮಿಗೆ ಅದು ಹೇಗೆ ಏರಿಳಿಯುತ್ತದೆ ಎಂದು ನೋಡಿದರೆ ಮಿಡಿತ ಎದ್ದು ಬರುತ್ತದೆ. ಸಾಮಾನ್ಯ ಕ್ಯಾಮೆರಾ, ಸಾಮಾನ್ಯ ಬೆಳಕಿನಲ್ಲೇ ಇದು ಸಾಧ್ಯವೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಮಿಷಕ್ಕೆ 72 ಬಡಿತ ಎಂದರೆ ಸೆಕೆಂಡಿಗೆ 1.2, ಸೆಕೆಂಡಿಗೆ 30 ಫ್ರೇಮ್ ಹಿಡಿಯುವ ಕ್ಯಾಮೆರಾಕ್ಕೆ ಇದನ್ನು ಅಳೆಯಲು ಬೇಕಾದಷ್ಟು ವೇಗವಿದೆ. ಗಮನಿಸಬೇಕಾದದ್ದು ಇನ್ನೊಂದು. ವಿಡಿಯೊ ಕುಗ್ಗಿಸುವ ಗಣಿತ ಕಣ್ಣಿಗೆ ಕಾಣದ್ದನ್ನು ಎಸೆಯುತ್ತದೆ, ನಾಡಿಯ ಸುಳಿವೋ ಕಣ್ಣಿಗೆ ಕಾಣದ್ದೇ. ಆದ್ದರಿಂದ ಚಿತ್ರವನ್ನು ಕುಗ್ಗಿಸಿ ಸರ್ವರಿಗೆ ಕಳಿಸುವಷ್ಟರಲ್ಲಿ ಸುಳಿವು ಕ್ಷೀಣಿಸಿರುತ್ತದೆ. ಕ್ಯಾಮೆರಾದಿಂದ ಬಂದ ಫ್ರೇಮನ್ನು ಪುಟವೇ ಓದಿದರೆ ಅದು ಉಳಿಯುತ್ತದೆ, ಮುಖದ ಚಿತ್ರವೂ ಹೊರಗೆ ಹೋಗುವುದಿಲ್ಲ. ಇದನ್ನು ವೈದ್ಯಕೀಯ ಉಪಕರಣವೆಂದು ನಂಬುವಂತಿಲ್ಲ ಎಂಬುದೂ ಅಷ್ಟೇ ನಿಜ. ಬೆಳಕು ಬದಲಾದರೆ, ತಲೆ ಅಲುಗಿದರೆ ಲೆಕ್ಕ ತಪ್ಪುತ್ತದೆ. ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಸುಳಿವು ಇನ್ನಷ್ಟು ಮಂದ. ನಮ್ಮಂಥ ದೇಶದಲ್ಲಿ ಬಳಸುವ ಮೊದಲು ನಮ್ಮ ಜನರ ಮೇಲೇ ಪರೀಕ್ಷೆಯಾಗಬೇಕು.

ಪಿಕ್ಸೆಲ್‌ಗಳಷ್ಟೇ ಅಮೂಲ್ಯವಾದದ್ದು ಕಾಲ. ವಿಡಿಯೊ ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ಪುಟಕ್ಕೆ ಗೊತ್ತಿರುವುದರಿಂದ ಆ ಕ್ಷಣಕ್ಕೆ ಹೊಂದುವ ಮಾತನ್ನು ಅದು ತೋರಿಸಬಲ್ಲದು. ಸಬ್‌ಟೈಟಲ್‌ಗಳಿಗಾಗಿ ವೆಬ್ ಅಳವಡಿಸಿಕೊಂಡ ವೆಬ್‌ವಿಟಿಟಿ, ಯಾರು ಬೇಕಾದರೂ ಬರೆಯಬಹುದಾದ ಸರಳ ಪಠ್ಯ: ಆರಂಭದ ಸಮಯ, ಮುಗಿಯುವ ಸಮಯ, ಅದರ ಕೆಳಗೆ ಮಾತು. ಅದು ಯಾವಾಗಲೂ ಯೂನಿಕೋಡ್‌ನಲ್ಲೇ ಇರಬೇಕೆಂದು ಮಾನಕ ಹೇಳುವುದರಿಂದ ಕನ್ನಡ ಲಿಪಿಗೆ ಪ್ರತ್ಯೇಕ ಫಾಂಟಿನ ಕಸರತ್ತು ಬೇಕಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಂಥ ಯೋಜನೆಯ ಇಂಗ್ಲಿಷ್ ಉಪನ್ಯಾಸವೊಂದಕ್ಕೆ ಕನ್ನಡದ ಮಾತು ಸೇರಿಸಲು ಮತ್ತೆ ಚಿತ್ರೀಕರಣ ಬೇಡ, ವಿಡಿಯೊವನ್ನು ಮುಟ್ಟುವುದೂ ಬೇಡ. ಒಂದು ಸಣ್ಣ ಪಠ್ಯ ಫೈಲ್ ಸಾಕು. ಕಿವುಡರಿಗೆ ಅದು ಪಾಠದ ಬಾಗಿಲು. ಭಾಷೆ ಕಲಿಯುವವರಿಗೆ ಕೈಗನ್ನಡಿ. ಚಿತ್ರದ ಮೇಲೆಯೇ ಅಚ್ಚೊತ್ತಿದ ಹಳೆಯ ಬಗೆಯ ಸಬ್‌ಟೈಟಲ್‌ಗೆ ಈ ಗುಣಗಳಿಲ್ಲ: ಅದನ್ನು ದೊಡ್ಡದು ಮಾಡಲಾಗದು, ಆರಿಸಲಾಗದು, ಅದರಲ್ಲಿ ಪದ ಹುಡುಕಲಾಗದು. ಬಿಡಿಪಠ್ಯವಾಗಿದ್ದರೆ ಒಂದು ಗಂಟೆಯ ಉಪನ್ಯಾಸದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಹುಡುಕಿ ಆ ಮಾತು ಬಂದ ಕ್ಷಣಕ್ಕೇ ಜಿಗಿಯಬಹುದು. ಪುಸ್ತಕಕ್ಕೆ ಪದಸೂಚಿ ಕೊಟ್ಟ ಅನುಕೂಲ ಈಗ ಚಲಿಸುವ ಚಿತ್ರಕ್ಕೂ ದೊರೆತಿದೆ.

ಮೂರನೆಯ ತೆರವು ಸಾಗಣೆಯದು. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಿಟ್ಟು, ಯಾವುದನ್ನು ತರಬೇಕೆಂಬ ತೀರ್ಮಾನವನ್ನು ಪುಟಕ್ಕೇ ಬಿಡುವುದನ್ನು ಸಾಧ್ಯವಾಗಿಸಿದ ಮೀಡಿಯಾ ಸೋರ್ಸ್ ಎಕ್ಸ್‌ಟೆನ್ಶನ್ಸ್ 2016ರಲ್ಲಿ ಮಾನಕವಾಯಿತು. ಹಿಂದಿನ ತುಂಡು ಎಷ್ಟು ವೇಗದಲ್ಲಿ ಬಂತು, ಇನ್ನೂ ಎಷ್ಟು ಸೆಕೆಂಡಿನ ಚಿತ್ರ ಕೂಡಿಟ್ಟಿದೆ ಎಂದು ಪುಟ ಅಳೆಯುತ್ತದೆ. ಸಿಗ್ನಲ್ ಕುಸಿದರೆ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದಲ್ಲಿ ತರಿಸುತ್ತದೆ. ಘಾಟಿಯ ತಿರುವಿನಲ್ಲಿ ಚಿತ್ರ ಮಸುಕಾದರೂ ಮಾತು ಕಡಿಯದಿರುವುದಕ್ಕೆ ಇದೇ ಕಾರಣ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದೆಲ್ಲವನ್ನೂ ಮೊಬೈಲ್ ಆ್ಯಪ್‌ಗಳು ಇನ್ನೂ ಚುರುಕಾಗಿ ಮಾಡುತ್ತವಲ್ಲ, ಬ್ರೌಸರೇ ಏಕೆ? ಆ್ಯಪ್ ಹಲವು ಕೆಲಸಗಳಲ್ಲಿ ಚುರುಕು, ಒಪ್ಪಬೇಕು. ಫ್ರೇಮ್ ಫ್ರೇಮಿಗೂ ಲೆಕ್ಕ ಹಾಕುವ ಪುಟ ಅಗ್ಗದ ಫೋನಿನ ಬ್ಯಾಟರಿಯನ್ನು ಬೇಗ ಬರಿದು ಮಾಡಬಲ್ಲದು. ಆದರೂ ಈ ಅಂತರ ಕಿರಿದಾಗುತ್ತಿದೆ. ಕುಗ್ಗಿಸಿದ ಚಿತ್ರವನ್ನು ಬಿಡಿಸುವ ಕೆಲಸವನ್ನು ಬ್ರೌಸರ್ ಕೂಡ ಫೋನಿನ ವಿಶೇಷ ಚಿಪ್ಪಿಗೇ ಒಪ್ಪಿಸುತ್ತದೆ. ಭಾರೀ ಲೆಕ್ಕಗಳನ್ನು ಪುಟದಲ್ಲೇ ವೇಗವಾಗಿ ನಡೆಸುವ ವೆಬ್‌ಅಸೆಂಬ್ಲಿ, ಫ್ರೇಮುಗಳನ್ನು ಪುಟವೇ ಕುಗ್ಗಿಸಿ ಬಿಡಿಸಲು ಬಿಡುವ ವೆಬ್‌ಕೋಡೆಕ್ಸ್ ಬಂದ ಮೇಲೆ ವಿಡಿಯೊ ಸಂಕಲನವೂ ಬ್ರೌಸರಿನಲ್ಲಿ ಸಾಧ್ಯವಾಗಿದೆ. ಆದರೆ ಬ್ರೌಸರಿನ ಪರವಾದ ಮುಖ್ಯ ವಾದ ವೇಗದ್ದಲ್ಲ. ಹಳ್ಳಿಯ ಶಿಕ್ಷಕರೊಬ್ಬರು ಮಾಡಿದ ಪುಟವನ್ನು ಯಾವ ಆ್ಯಪ್ ಅಂಗಡಿಯ ಅನುಮತಿಯೂ ಇಲ್ಲದೆ, ಯಾವ ಯಂತ್ರದಲ್ಲಾದರೂ, ಒಂದು ಕೊಂಡಿಯಿಂದ ತೆರೆಯಬಹುದು. ಈ ಸ್ವಾತಂತ್ರ್ಯ ತಾನಾಗಿ ಬಂದದ್ದಲ್ಲ. ಎಚ್.264 ಎಂಬ ಪ್ರಬಲ ಕೋಡೆಕ್ ಪೇಟೆಂಟುಗಳ ಬಲೆಯಲ್ಲಿತ್ತು. ಗೂಗಲ್ 2010ರಲ್ಲಿ ಆನ್2 ಕಂಪನಿಯನ್ನು ಕೊಂಡು ಅದರ ವಿಪಿ8 ಅನ್ನು ಮುಕ್ತಗೊಳಿಸಿತು. ಹಲವು ಕಂಪನಿಗಳು 2015ರಲ್ಲಿ ಒಟ್ಟುಗೂಡಿ 2018ರಲ್ಲಿ ಎವಿ1 ಎಂಬ ರಾಯಧನವಿಲ್ಲದ ಕೋಡೆಕ್ ಹೊರತಂದವು. ಮುಕ್ತ ಚಿತ್ರ, ವಿಡಿಯೊಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ಇಂಥ ಮುಕ್ತ ರೂಪಗಳಿಗೆ ಅಂಟಿಕೊಂಡಿರುವುದರ ಹಿಂದೆ ಇರುವುದು ಇದೇ ಕಾಳಜಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಎಲ್ಲವೂ ತೆರೆದರೆ ಸಿನಿಮಾ ಮಾಡಿದವರ ಹಕ್ಕಿನ ಗತಿಯೇನು? ಈ ಒತ್ತಡದಿಂದಲೇ ವಿಡಿಯೊವನ್ನು ಬೀಗ ಹಾಕಿ ಕಳಿಸುವ ಎನ್‌ಕ್ರಿಪ್ಟೆಡ್ ಮೀಡಿಯಾ ಎಕ್ಸ್‌ಟೆನ್ಶನ್ಸ್ 2017ರಲ್ಲಿ ಡಬ್ಲ್ಯು3ಸಿಯ ಮಾನಕವಾಯಿತು. ಅದನ್ನು ಪ್ರತಿಭಟಿಸಿ ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಆ ಒಕ್ಕೂಟದಿಂದ ಹೊರನಡೆಯಿತು. ಬಂಡವಾಳ ಹೂಡಿದವರ ಆತಂಕ ನ್ಯಾಯವಾದದ್ದೇ. ಬೀಗವಿಲ್ಲದಿದ್ದರೆ ದೊಡ್ಡ ಸಿನಿಮಾಗಳು ಬ್ರೌಸರಿಗೆ ಬರುವುದೇ ಅನುಮಾನವಿತ್ತು. ಆದರೆ ಬೀಗದೊಳಗಿನ ಫ್ರೇಮನ್ನು ಪುಟ ಓದಲಾರದು, ಅದರ ಪರಿಣಾಮವನ್ನು ಹೀಗೆ ನೋಡಿ. ಒಂದೇ ಸಮನೆ ಮಿನುಗುವ ಬೆಳಕು ಅಪಸ್ಮಾರ ಇರುವ ಕೆಲವರಲ್ಲಿ ಸೆಳವು ತರಬಲ್ಲದು. ಪುಟದಲ್ಲಿ ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದೆಂದು ವೆಬ್ ಸುಲಭಬಳಕೆಯ ಮಾರ್ಗಸೂಚಿ ಹೇಳುತ್ತದೆ. ತೆರೆದ ವಿಡಿಯೊದಲ್ಲಿ ಮುಂಬರುವ ಫ್ರೇಮುಗಳ ಹೊಳಪನ್ನು ಅಳೆದು ಮೊದಲೇ ಎಚ್ಚರಿಸುವ ಸಾಧನವನ್ನು ಯಾರಾದರೂ ಬರೆಯಬಹುದು; ಬೀಗ ಹಾಕಿದ ವಿಡಿಯೊದಲ್ಲಿ ಅದು ಬೀಗದ ಒಡೆಯರು ಮನಸ್ಸು ಮಾಡಿದರೆ ಮಾತ್ರ ಸಾಧ್ಯ. ಆದ್ದರಿಂದ ಮಾರಾಟದ ಸಿನಿಮಾಕ್ಕೆ ಬೀಗ ಇರುವುದಾದರೆ ಇರಲಿ, ಸಾರ್ವಜನಿಕ ಹಣದಲ್ಲಿ ತಯಾರಾದ ಪಾಠ, ಭಾಷಣ, ದಾಖಲೆಗಳಿಗೆ ಅದು ಬೇಡ ಎಂಬುದು ಸರಿಯಾದ ನಿಲುವು.

ಕೊನೆಯ ಆಕ್ಷೇಪ ನೋಡುಗರ ಕಡೆಯದು. ನಾಡಿಯನ್ನು ಓದಬಲ್ಲ ಪುಟ ಕಳ್ಳಗಣ್ಣೂ ಆಗಬಲ್ಲದು. ಕೇಳದೆ ಹಾಡತೊಡಗುವ ಜಾಹೀರಾತಿನ ಕಾಟ ಎಲ್ಲರಿಗೂ ಗೊತ್ತು. ಇದಕ್ಕೆ ಉತ್ತರ ತೆರವಿಗೆ ಸರಿಯಾದ ಕಾವಲು ಇಡುವುದು, ವೆಬ್ ಆ ದಿಕ್ಕಿನಲ್ಲೇ ನಡೆದಿದೆ. 2018ರಿಂದ ಕ್ರೋಮ್, ಬಳಕೆದಾರರು ಪುಟದೊಡನೆ ವ್ಯವಹರಿಸದ ಹೊರತು ಸದ್ದುಮಾಡುವ ವಿಡಿಯೊ ತಾನಾಗಿ ಓಡುವುದಕ್ಕೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಸುರಕ್ಷಿತ ಸಂಪರ್ಕವೂ ನಮ್ಮ ಸ್ಪಷ್ಟ ಒಪ್ಪಿಗೆಯೂ ಇಲ್ಲದೆ ಕ್ಯಾಮೆರಾ ತೆರೆಯುವುದಿಲ್ಲ. ಬೇರೆ ತಾಣದಿಂದ ಬಂದ ವಿಡಿಯೊವನ್ನು ಪುಟ ತೋರಿಸಬಹುದಾದರೂ ಆ ತಾಣ ಒಪ್ಪದೆ ಅದರ ಪಿಕ್ಸೆಲ್‌ಗಳನ್ನು ಓದುವಂತಿಲ್ಲ. ಇಲ್ಲವಾದರೆ ನಾವು ಲಾಗಿನ್ ಆಗಿರುವ ತಾಣದ ಖಾಸಗಿ ಚಿತ್ರಗಳನ್ನು ಇನ್ನೊಂದು ತಾಣ ಕದಿಯಬಹುದಿತ್ತು. ಈ ನಿಯಮಗಳು ಪರಿಪೂರ್ಣವಲ್ಲ. ಕ್ಯಾಮೆರಾಕ್ಕೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಆ ಚಿತ್ರದಿಂದ ಪುಟ ಏನೇನು ಲೆಕ್ಕ ಹಾಕುತ್ತದೆ ಎಂದು ತಿಳಿಸುವ ಏರ್ಪಾಡು ಇನ್ನೂ ಇಲ್ಲ, ಅದು ಬರಲೇಬೇಕು.

ಇಷ್ಟನ್ನೂ ಒಟ್ಟಿಗೆ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಹಸಿರು ಪರದೆಯಿಂದ ನಾಡಿಮಿಡಿತದವರೆಗೆ, ವಿಳಾಸ ಕೇಳುವ ಹಾಡಿನಿಂದ ಕನ್ನಡದ ಸಬ್‌ಟೈಟಲ್‌ವರೆಗೆ ಪ್ರತಿಯೊಂದಕ್ಕೂ ಪುಟಕ್ಕೆ ಚಿತ್ರದ ಚುಕ್ಕೆ, ಚಿತ್ರದ ಕಾಲ, ಚಿತ್ರದ ಸಾಗಣೆ ಇವುಗಳಲ್ಲಿ ಒಂದಾದರೂ ತೆರೆದಿರಬೇಕಿತ್ತು. ಹಾಗಾಗಿ ವಿಶ್ವವಿದ್ಯಾಲಯ, ಅಕಾಡೆಮಿ, ಇಲಾಖೆಗಳು ತಮ್ಮ ವಿಡಿಯೊಗಳನ್ನು ಜಾಲಕ್ಕೆ ಏರಿಸುವಾಗ ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕೆ ನಿಲ್ಲಬಾರದು. ಅದು ಮುಕ್ತ ಕೋಡೆಕ್‌ನಲ್ಲಿದೆಯೇ, ಮಾತು ಪ್ರತ್ಯೇಕ ಪಠ್ಯವಾಗಿ ಜೊತೆಗಿದೆಯೇ, ಬೇರೆ ಪುಟಗಳು ಅದನ್ನು ಓದಲು ಅನುಮತಿಯಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಹೌದು ಎನ್ನುವಂತಿರಬೇಕು. ಇವಕ್ಕೆ ತಗಲುವ ಖರ್ಚು ಚಿತ್ರೀಕರಣದ ಖರ್ಚಿನ ಮುಂದೆ ಅತ್ಯಲ್ಪ. ಈ ಮೂರೂ ಕೂಡಿದ ವಿಡಿಯೊ, ಅದನ್ನು ಮಾಡಿದವರು ಊಹಿಸದ ಉಪಯೋಗಗಳಿಗೂ ಮುಂದೆ ಒದಗಿಬರುತ್ತದೆ.